ಜಾಯಿಂಟಿಗೆ ಒಂದು ಹೂಮಾಲೆ

ನವೆಂಬರ್ ೯, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಎಂಟನೆಯ ತರಗತಿಯ ಗಣಿತದ ಉತ್ತರ ಪತ್ರಿಕೆಗಳನ್ನು ತಿದ್ದಲು ಕೂತು, ಕೆಂಪು ಪೆನ್ನಿಗಾಗಿ ಮೇಜಿನ ಡ್ರಾಯರ್ ಎಳೆದೆ. ಪೆನ್ನು ಸಿಗಲಿಲ್ಲ. ಗೇಣುದ್ದದ ಕರಿ ಕೇಬಲ್ ತುಂಡೊಂದು ಸಿಕ್ಕಿತು. ಕಪ್ಪೆ ನುಂಗಿದ ಹಾವಿನಂತೆ ನಡುವೆ ಉಬ್ಬಿಕೊಂಡಿದೆ. ಉಬ್ಬನ್ನು ಮೊದಲೇ ಬ್ಲೇಡಿನಿಂದ ಉದ್ದಕ್ಕೆ ಸೀಳಲಾಗಿದೆ. ಒಂದು ಕೊನೆಯಲ್ಲಿ ಹಸಿರು ಪುಡಿ, ಮೂಗಿಗೆ ಹಿಡಿದರೆ ತೊಳೆಯದ ತಾಮ್ರದ ಚೊಂಬಿನ ವಾಸನೆ. ಪೋನೀಟೇಲಿನ ಹುಡುಗಿಯೊಬ್ಬಳು ಬರೆದ ತಪ್ಪು ತ್ರಿಕೋನ ಮೇಜಿನ ಮೇಲೆ ನನಗಾಗಿ ಕಾಯುತ್ತಿದೆ. ಕಾಯಲಿ.

ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತನೆಯ ವಯಸ್ಸಿನಿಂದ. ತಾರೀಖು, ಗಂಟೆ, ಆ ದಿನ ತಿಂದ ಮಂಡಕ್ಕಿ ಮೆಣಸಿನಕಾಯಿಯ ಲೆಕ್ಕ, ಎಲ್ಲ ಬರೆಯುತ್ತೇನೆ. ಕಂಪ್ಲಿಯ ನನ್ನ ಸೋದರಮಾವ ಬಸವರಾಜಪ್ಪ ಇದಕ್ಕೆ ನಗುತ್ತಾನೆ. “ಲೇ ಸುಮಾ, ನೀ ಸೀನಿದ್ದೂ ಬರದಿಡ್ತಿ. ಎಡಕ್ಕ ಎಷ್ಟು, ಬಲಕ್ಕ ಎಷ್ಟು?” ಎನ್ನುತ್ತಾನೆ. ಈ ಕೇಬಲ್ ತುಂಡು ಅವನದು. ಬರೆದಿಡದೆ ಹೋದದ್ದು ಎಷ್ಟಿದೆ ಎಂದು ನೆನಪಿಸಲಿಕ್ಕೇ ಇರಬೇಕು, ಹೋದ ತಿಂಗಳು ಅವನೇ ಇದನ್ನು ನನ್ನ ಕೈಗೆ ಕೊಟ್ಟ.

ಮಾವನಿಗೆ ಕಂಪ್ಲಿಯಲ್ಲಿ ಒಂದು ಅಕ್ಕಿ ಗಿರಣಿ. ಗಿರಣಿಗೆ ಅಂಟಿಕೊಂಡೇ ಮನೆ. ಬೇಸಿಗೆ ರಜೆ ಎಂದರೆ ನನಗೆ ಅಲ್ಲಿನ ತೌಡಿನ ಬಿಸಿ ವಾಸನೆ, ಹೊಟ್ಟಿನ ಗುಡ್ಡೆಯ ಮೇಲೆ ಜಾರಿ ಮೈಯೆಲ್ಲ ತುರಿಸಿಕೊಂಡ ಮಧ್ಯಾಹ್ನಗಳು, ಬೆಲ್ಟು ತಿರುಗುವಾಗ ಇಡೀ ಗೋಡೆ ಗುಂಯ್ಗುಟ್ಟುವ ಸದ್ದು. ಮೆಷಿನ್ ನಿಂತಾಗ ಕಿವಿಯೊಳಗೆ ಒಂದು ದೊಡ್ಡ ಖಾಲಿ ಜಾಗ ಹುಟ್ಟುತ್ತಿತ್ತು. ಆ ಖಾಲಿ ಜಾಗದಲ್ಲಿ ಗೋಣಿಚೀಲದ ಕೋಣೆಯ ಪಕ್ಕದಿಂದ ಕೊರ್ರ್ ಎಂಬ ಸದ್ದು, ಅದರ ಹಿಂದೆ ಯಾರದೋ ದನಿ ಕೇಳುತ್ತಿತ್ತು. ಅದೇ ಮಾವನ ರೇಡಿಯೋ ಕೋಣೆ.

ಹಾಡು ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಪರೀಕ್ಷೆ ಪಾಸಾಗಿ ಸರ್ಕಾರದ ಲೈಸೆನ್ಸ್ ಪಡೆದವರು ಮನೆಯಲ್ಲೇ ಯಂತ್ರವಿಟ್ಟುಕೊಂಡು ಗಾಳಿಯಲ್ಲಿ ಮಾತಾಡುವ ಹವ್ಯಾಸವಿದೆ. ಅವರನ್ನು ಹ್ಯಾಮ್‌ಗಳು ಎನ್ನುತ್ತಾರೆ. ಮುಂದೆ ನಾನೂ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡೆ. ಆದರೆ ಹೊಸಪೇಟೆಯ ನಮ್ಮ ಬಾಡಿಗೆ ಮನೆಯ ಒಡತಿ ಟೆರೇಸಿನ ಮೇಲೆ ಹಪ್ಪಳಕ್ಕೆ ಮಾತ್ರ ಜಾಗ ಕೊಟ್ಟಿದ್ದಾರೆ, ಆಂಟೆನಾಕ್ಕಲ್ಲ. ಹಾಗಾಗಿ ನಾನು ರಜೆಗೆ ಕಂಪ್ಲಿಗೆ ಹೋದಾಗ ಮಾತ್ರ ಹ್ಯಾಮ್.

ಮಾವ ಜಪಾನಿನವರೊಡನೆ, ರಷ್ಯಾದವರೊಡನೆ ಮಾತಾಡಿದ್ದೇನೆಂದು ಹೇಳಿಕೊಳ್ಳುವುದು ನೆಂಟರ ಮುಂದೆ ಮಾತ್ರ. ನಿಜವಾಗಿ ಅವನು ದಿನಾ ಮಾತಾಡುತ್ತಿದ್ದದ್ದು ಒಬ್ಬನೊಡನೆ: ಸಂಡೂರಿನ ಹುಲುಗಪ್ಪ. ಗಣಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಈಗ ನಿವೃತ್ತರು. ಬೆಳಿಗ್ಗೆ ಆರೂವರೆಗೆ ಇಬ್ಬರೂ ಹಾಜರ್. ಕಂಪ್ಲಿಗೂ ಸಂಡೂರಿಗೂ ನಡುವೆ ಬಸ್ಸಿನಲ್ಲಿ ಅರ್ಧ ದಿನ. ಗಾಳಿಯಲ್ಲಿ ದೂರವೇ ಇಲ್ಲ. ಮಾತಾದರೂ ಏನು? ಭತ್ತದ ತೇವ, ಮೊಣಕಾಲು ನೋವು, ಹುಲುಗಪ್ಪನವರ ಸೊಸೆ ಮಾಡಿದ ಬದನೆಕಾಯಿ. ಮಾವನ ಹೆಂಡತಿ, ನಮ್ಮ ಅತ್ತಿ, ಒಳಗಿನಿಂದ ಕೂಗುತ್ತಿದ್ದಳು: “ಬದನೆಕಾಯಿ ಸುದ್ದಿ ಹೇಳಾಕ ಇಷ್ಟು ಉದ್ದ ತಂತಿ ಬೇಕೇನ್ರಿ ನಿಮಗ?”

ಫೋನಿನಲ್ಲಿ ಮಾತ್ರ ಅವರಿಬ್ಬರೂ ಮಾತಾಡುತ್ತಿರಲಿಲ್ಲ. ಅದೊಂದು ವ್ರತದ ಹಾಗೆ. ಹುಲುಗಪ್ಪನವರ ಮಗನ ನಂಬರು ಮಾವನ ಮೊಬೈಲಿನಲ್ಲಿ ವರ್ಷಗಳಿಂದ ಇತ್ತು. ಕೇಳಿದರೆ ಮಾವ, “ಫೋನು ಊರಿಗೆಲ್ಲ ಐತಿ. ಅದರಾಗ ಮಾತಾಡಿದ್ರ ಅವನೂ ಊರವನೊಬ್ಬ ಆಗ್ತಾನ,” ಎನ್ನುತ್ತಿದ್ದ.

ಈಗ ಜಾಯಿಂಟಿನ ವಿಷಯಕ್ಕೆ ಬರುತ್ತೇನೆ. ನಾನು ಹತ್ತು ವರ್ಷದವಳಿದ್ದಾಗ ಮಾವ ಆಂಟೆನಾ ತಂತಿಯನ್ನು ಇನ್ನೂ ಎತ್ತರಕ್ಕೆ, ಗಿರಣಿಯ ಭತ್ತ ಮೇಲೇರಿಸುವ ಎಲಿವೇಟರ್ ಗೋಪುರಕ್ಕೂ ಹಿತ್ತಲ ತೆಂಗಿನ ಮರಕ್ಕೂ ನಡುವೆ ಎಳೆದು ಕಟ್ಟಿಸಿದ. ಅಲ್ಲಿಂದ ಕೋಣೆಗೆ ಇಳಿದುಬರುವ ಕೇಬಲ್ ಗಿಡ್ಡವಾಯಿತು. ಇನ್ನೊಂದು ತುಂಡು ಸೇರಿಸಬೇಕು. ಮಾವ ಮನೆಯ ಕರೆಂಟ್ ವಯರಿನ ಹಾಗೆ ಹುರಿಹೊಸೆದು ಟೇಪು ಸುತ್ತಿದ. ಯಂತ್ರ ಸತ್ತ ಹಾಗಾಯಿತು. ನಮ್ಮ ಕಡೆಯ ದನಿ ನಿಂತದ್ದು ಕಂಡು ಮರುವಾರವೇ ಹುಲುಗಪ್ಪ ಚೀಲ ಹೆಗಲಿಗೇರಿಸಿಕೊಂಡು ಸಂಡೂರಿನಿಂದ ಬಂದಿಳಿದರು.

ಆ ಕೇಬಲ್ಲನ್ನು ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಕಬ್ಬು ಸುಲಿದಂತೆ ಸುಲಿದದ್ದು ನೆನಪಿದೆ. ಮೇಲೆ ಕರಿ ತೊಗಲು, ಅದರೊಳಗೆ ತಾಮ್ರದ ಜಾಲರಿ, ಅದರೊಳಗೆ ಬಿಳಿ ತಿರುಳು, ತಿರುಳಿನ ನಡುವೆ ಒಂದೇ ತಂತಿ. ಅದೇ ಮೆಟ್ಟಿಲ ಮೇಲೆ ಅತ್ತಿ ನನಗೆ ಎರಡು ಜಡೆ ಹಾಕುತ್ತಿದ್ದಳು. ಹುಲುಗಪ್ಪ ಇತ್ತ ಕೈಚಾಚಿ, “ಅಕ್ಕಾರ, ಒಂದೀಟು ಬಾಚಣಿಗಿ ಕೊಡ್ರಿ,” ಎಂದರು.

“ಯಾಕ್ರೀ, ನಿಮ್ಮ ತೆಲಿಯಾಗ ಏನೈತಿ ಬಾಚಾಕ?” ಎಂದಳು ಅತ್ತಿ.

ಅವರು ತಮ್ಮ ಬೋಳುತಲೆ ಸವರಿಕೊಂಡು ನಕ್ಕು, ಆ ಬಾಚಣಿಗೆಯಿಂದ ತಾಮ್ರದ ಜಾಲರಿಯನ್ನು ಎಳೆಎಳೆಯಾಗಿ ಬಾಚಿದರು. ನಡುವಿನ ತಂತಿಗಳನ್ನು ಬೆಸೆದರು. ಬೆಸುಗೆಯ ಮೇಲೆ ಬಿಳಿ ತಿರುಳನ್ನೇ ಸೀಳಿ ಮತ್ತೆ ಹೊದಿಸಿದರು, ಅದರ ಮೇಲೆ ಜಾಲರಿ ಹರಡಿ ಬೆಸೆದರು. ಮೇಲೆ ಟೇಪು, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿದರು. ಮಾವ, “ತಂತಿಗೆ ತಂತಿ ಮುಟ್ಟಿದ್ರ ಸಾಕಲ್ಲೋ, ಇಷ್ಟ್ಯಾಕ ಬಾಣಂತನ?” ಎಂದ.

“ಕರೆಂಟ್ ವಯರಿಗೆ ಮುಟ್ಟಿದ್ರ ಸಾಕಲೇ ಬಸಣ್ಣ. ಇದಕ್ಕ ಸಾಲಂಗಿಲ್ಲ. ನಡುವಿನ ತಂತಿಗೂ ಸುತ್ತಿನ ಜಾಲರಿಗೂ ಇರೋ ದೂರ ಜಾಯಿಂಟಿನಾಗೂ ಅಷ್ಟೇ ಇರಬೇಕು. ಹೆಚ್ಚಾಗಬಾರದು, ಕಡಿಮಿನೂ ಆಗಬಾರದು. ಹಂಗಾದ್ರ ನಿನ್ನ ದನಿ ಹೋಗಿ ಹೋಗಿ ಅಲ್ಲೇ ಎಡವಿ ಹೊಳ್ಳಿ ಬರತೈತಿ.”

ಟೆರೇಸಿನ ಮೋಟುಗೋಡೆಗೆ ಒಂದು ಬಿದಿರಿನ ಗಳ ಕಟ್ಟಿ, ಜಾಯಿಂಟನ್ನು ಎದೆಯೆತ್ತರದಲ್ಲಿ ಅದಕ್ಕೆ ಬಿಗಿದರು. ಮರುದಿನ ಬೆಳಿಗ್ಗೆ ಆರೂವರೆಗೆ ಸಂಡೂರಿನಿಂದ ಅವರ ದನಿ ಪಕ್ಕದ ಕೋಣೆಯಿಂದ ಬಂದಂತೆ ಬಂತು. ಬಾಚಣಿಗೆಯ ಎರಡು ಹಲ್ಲು ಮುರಿದಿದ್ದವು. ಅತ್ತಿ ಅದನ್ನು ಇವತ್ತಿಗೂ ಮರೆತಿಲ್ಲ.

ಆ ವರ್ಷದ ಆಯುಧಪೂಜೆಗೆ ಗಿರಣಿಯ ಯಂತ್ರಗಳನ್ನೆಲ್ಲ ತೊಳೆದು, ಹಸಿ ವಿಭೂತಿಯ ಮೂರು ಗೆರೆ ಎಳೆದು, ಚೆಂಡು ಹೂವಿನ ಮಾಲೆ ಹಾಕುವಾಗ ಮಾವನಿಗೆ ಟೆರೇಸಿನ ಮೇಲಿನ ಜಾಯಿಂಟ್ ನೆನಪಾಯಿತು. ತಂಬಿಗೆ ನೀರು ಹಿಡಿದು ಹತ್ತಿದ. “ಮೆಷಿನ್ನು ಕಂಪನಿಯವರು ಮಾಡಿದ್ದು. ಇದು ನಮ್ಮ ಹುಲುಗ ಕೈಯಾರೆ ಮಾಡಿದ್ದು. ಇದಕ್ಕ ಮೊದಲು ಆಗಬೇಕು ಪೂಜಿ,” ಎಂದ. ನೀರು, ವಿಭೂತಿ, ಕುಂಕುಮ, ಹೂಮಾಲೆ. ಗಾಳಿಗೆ ಹಾರಬಾರದೆಂದು ಮಾಲೆಯ ದಾರವನ್ನು ಜಾಯಿಂಟಿನ ಕುತ್ತಿಗೆಗೆ ಬಿಗಿಯಾಗಿ ಕಟ್ಟಿದ. ಅಲ್ಲಿಂದ ವರ್ಷ ತಪ್ಪಿಸಲಿಲ್ಲ. ಹೂವು ಒಣಗಿ ಉದುರುತ್ತಿತ್ತು, ದಾರ ಅಲ್ಲೇ ಉಳಿಯುತ್ತಿತ್ತು. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ದಾರ.

“ನನ್ನ ಮಿಕ್ಸಿಗೆ ಒಂದು ಹೂ ಇಲ್ಲ, ಆ ಕರಿ ಗಂಟಿಗೆ ಮಾಲಿ!” ಎಂದು ಅತ್ತಿ ಪ್ರತಿ ವರ್ಷವೂ ಅನ್ನುತ್ತಿದ್ದಳು. ನಾವು ಪ್ರತಿ ವರ್ಷವೂ ನಗುತ್ತಿದ್ದೆವು. 

ಹೋದ ವರ್ಷದ ಬೇಸಿಗೆಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಬಂತು. ಅಂದು ನಾನು ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಕೊರಕೊರ ಸದ್ದಿನ ಹಿಂದಿನಿಂದ ಹುಲುಗಪ್ಪ, “ಬಸಣ್ಣ, ನಿನ್ನ ದನಿ ದಿನಾ ದಿನಾ ಸೊರಗಾಕತ್ತೈತಿ. ಏನಾಗೈತಿ ನೋಡು,” ಎಂದರು.

“ನಿನ್ನ ಜಾಯಿಂಟೇ ಸಡಿಲಾಗಿರಬೇಕು ತಗೋ!” ಎಂದ ಮಾವ. ಬರೀ ತಮಾಷೆಗೆ.

 ಹುಲುಗಪ್ಪ, “ಗಣಿಯಾಗ ಜೀವಮಾನ ಎಲ್ಲ ಕೇಬಲ್ ಜಾಯಿಂಟ್ ಮಾಡೀನಿ. ಒಬ್ಬನೂ ಹಂಗ ಅಂದಿಲ್ಲ. ಆಗಲಿ,” ಎಂದರು. ಅಷ್ಟೇ. ಮರುದಿನ ದನಿ ಬಂದಂತೆ ಅನ್ನಿಸಿತು, ಬರಲಿಲ್ಲ. ಆ ವಾರ ಕಳೆಯುವಷ್ಟರಲ್ಲಿ ಬರೀ ಸದ್ದು.

ಮಾವ ಕರೆದ. ಉತ್ತರವಿಲ್ಲ. ಸಿಟ್ಟಾಗಿದ್ದಾನೆ ಎಂದುಕೊಂಡ. ಬೇರೆ ಊರಿನವರ ದನಿಗಳೂ ಸಣ್ಣಗಾಗಿವೆ ಎಂದು ನಾನು ಹೇಳಿದರೆ, “ಸೂರ್ಯನ ಮ್ಯಾಲೆ ಕಲೆ ಎದ್ದಾವಂತ, ಹವಾ ಸರಿ ಇಲ್ಲ,” ಎಂದ. ನಮ್ಮ ಹವ್ಯಾಸದಲ್ಲಿ ಯಾವ ತಪ್ಪನ್ನಾದರೂ ಸೂರ್ಯನ ಮೇಲೆ ಹಾಕಬಹುದು. ಅವನು ತಿರುಗಿ ಮಾತಾಡುವುದಿಲ್ಲ.

“ಮಾವ, ಜಾಯಿಂಟು ಕತ್ತರಿಸಿ ನೋಡೋಣ. ಈಗ ಸ್ಕ್ರೂ ಹಾಕೋ ಕನೆಕ್ಟರ್ ಬಂದಾವ, ಅರ್ಧ ತಾಸಿನ ಕೆಲಸ,” ಎಂದೆ.

ಅವನು ಟೆರೇಸಿನ ಕಡೆ ನೋಡಿದ. “ಕತ್ತರಿಸಿದಾಗ ಒಳಗ ಕೆಟ್ಟಿದ್ರ ಅವನಿಗೆ ಅವಮಾನ. ಗಟ್ಟಿ ಇದ್ರ ನಾ ಅಂದ ಮಾತಿಗೆ ನನಗ ಅವಮಾನ. ಹಂಗೇ ಇರ್ಲಿ ಬಿಡು,” ಎಂದ.

ಹಾಗೇ ಇತ್ತು. ಆರೂವರೆಗೆ ಯಂತ್ರ ಹಚ್ಚುವುದು, ಚಹಾ ಮುಗಿಯುವ ತನಕ ಆ ಸದ್ದನ್ನು ಕೇಳುವುದು, ಆರಿಸುವುದು. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು, ಇನ್ನೊಂದು ಬೇಸಿಗೆ, ಇನ್ನೊಂದು ಮಳೆಗಾಲ. ಫೋನಿನಲ್ಲಿದ್ದ ನಂಬರನ್ನು ಅವನು ಒತ್ತಲಿಲ್ಲ.

ಕೊನೆಗೆ ಪಂಚಾಯ್ತಿ ಮಾಡಿದ್ದು ಒಂದು ಮಂಗ. ಈ ಸಲದ ಆಯುಧಪೂಜೆಯ ಮರುದಿನ ಬೆಳಿಗ್ಗೆ ಅತ್ತಿ ಟೆರೇಸಿನಿಂದ, “ಬರ್ರೀ, ಜಲ್ದಿ ಬರ್ರೀ, ನಿಮ್ಮ ದೇವರನ್ನ ಹೊತ್ತೊಯ್ಯಾಕತ್ತೈತಿ!” ಎಂದು ಕಿರುಚಿದಳು. ಹಂಪಿ ಕಡೆಯಿಂದ ಬಂದ ಗುಂಪಿನ ಒಂದು ಗಡವ, ಚೆಂಡು ಹೂವು ತಿನ್ನುವ ಆಸೆಗೆ ಮಾಲೆ ಹಿಡಿದು ಜಗ್ಗುತ್ತಿತ್ತು. ಮಾಲೆ ಬಿಡಲಿಲ್ಲ, ಮಂಗವೂ ಬಿಡಲಿಲ್ಲ. ಬಿಟ್ಟದ್ದು ಕೇಬಲ್. ಜಾಯಿಂಟಿನ ಪಕ್ಕದಲ್ಲೇ, ದಾರ ಕಟ್ಟಿದ್ದ ಕಡೆ, ಟಪ್ಪನೆ ಹರಿಯಿತು.

ಮಾವ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತು, ತಾನೇ ಬ್ಲೇಡಿನಿಂದ ಸೀಳಿದ. ಟ್ಯೂಬು, ಟೇಪು, ಜಾಲರಿ. ನಡುವೆ ಹುಲುಗಪ್ಪನವರ ಬೆಸುಗೆ ಇನ್ನೂ ಹೊಳೆಯುತ್ತಿತ್ತು. ಬಾಚಿದ ಎಳೆಗಳು ಬಾಚಿದಂತೆಯೇ ಮಲಗಿದ್ದವು. ಕೊಳೆತದ್ದು ಕುತ್ತಿಗೆಯ ಬಳಿ. ಬಿಗಿದ ದಾರಗಳು ವರ್ಷ ವರ್ಷವೂ ಟ್ಯೂಬನ್ನು ಕೊರೆದು, ಕರಿ ತೊಗಲನ್ನೂ ಕೊರೆದಿದ್ದವು. ಪೂಜೆಯ ನೀರು, ಹಸಿ ವಿಭೂತಿ, ಆಮೇಲೆ ಮಳೆ, ಎಲ್ಲ ಆ ಗಾಯದಿಂದ ಇಳಿದು, ದೀಪದ ಬತ್ತಿ ಎಣ್ಣೆ ಹೀರಿದಂತೆ ಜಾಲರಿ ಅದನ್ನು ಹೀರಿಕೊಂಡಿತ್ತು. ಅಲ್ಲಿಂದ ಒಂದು ಮಾರು ದೂರದವರೆಗೂ ತಾಮ್ರ ಕಪ್ಪಾಗಿತ್ತು.

“ಅವನ ಕೆಲಸ ಗಟ್ಟಿ ಐತಿ,” ಎಂದ ಮಾವ. 

ಕೆಟ್ಟದ್ದನ್ನೆಲ್ಲ ಕತ್ತರಿಸಿ, ಹೊಸ ತುಂಡು ಹಾಕಿ, ಕನೆಕ್ಟರ್ ಬಿಗಿದು, ಮೇಲೆ ರಬ್ಬರ್ ಟೇಪು ಸುತ್ತುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಆರೂವರೆಗೆ ಮಾವ ಯಂತ್ರ ಹಚ್ಚಿದ. ಸದ್ದೇ ಬೇರೆ, ಕಿಟಕಿ ತೆರೆದ ಹಾಗೆ. ಆ ಕಿಟಕಿಯಿಂದ, ಒಂದೂವರೆ ವರ್ಷದ ನಂತರ, ತುಸು ಜೋರಾದ ಒಂದು ದನಿ:

“ಕಂಪ್ಲಿ, ಕಂಪ್ಲಿ. ಸಂಡೂರು ಕರೆಯಾಕತ್ತೈತಿ. ಬಸಣ್ಣ, ಇದ್ದೀಯೇನಪಾ?”

ಮಾವ ಚಹಾ ಲೋಟವನ್ನು ನೆಲಕ್ಕಿಟ್ಟ. ಮೈಕ್ ಹಿಡಿದು, “ಇದ್ದೀನಲೇ, ಇದ್ದೀನಿ! ಹುಲುಗಾ, ಕೇಳ್ಸಾಕತ್ತೈತೇನು?” ಎಂದ.

“ಇವತ್ತ ನಮ್ಮಲ್ಲಿ ಮೋಡ. ಸೊಸಿ ದೋಸಿ ಮಾಡ್ಯಾಳ,” ಎಂದಿತು ಆ ದನಿ. ಮಾವನ ಮಾತಿಗೆ ಉತ್ತರವಲ್ಲ. “ಇಷ್ಟೇ. ನಾಳೆ ಮತ್ತ ಬರ್ತೀನಿ.”

“ಇನ್ನೂ ಸಿಟ್ಟೈತಿ ಅವಗ,” ಎಂದ ಮಾವ. ನಮ್ಮ ಕಡೆಯಿಂದ ದನಿ ಹೋಗುತ್ತಿದೆಯೇ ಎಂದು ಇನ್ನೊಬ್ಬ ಹ್ಯಾಮ್ ಅನ್ನು ಕರೆದು ಕೇಳಿದೆ. ಚೆನ್ನಾಗಿ ಕೇಳುತ್ತಿದೆ ಎಂದರು. ಮಾವ ಎದ್ದು ಅಂಗಿ ಹಾಕಿಕೊಂಡ. ಕೇಬಲ್ ತುಂಡನ್ನು ಕೈಚೀಲಕ್ಕೆ ಹಾಕಿದ. ನಾನೂ ಜೊತೆಗೆ ಹೊರಟೆ. ಬುಕ್ಕಸಾಗರದ ಗದ್ದೆಗಳನ್ನು ದಾಟಿ ಹೊಸಪೇಟೆ, ಅಲ್ಲಿಂದ ಇನ್ನೊಂದು ಬಸ್ಸು. ಸಂಡೂರಿನ ಕೆಂಪು ಧೂಳು ಕಾಣುವ ತನಕ ಅವನು ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಬಾಗಿಲು ತೆರೆದ ಸೊಸೆ, “ಬರ್ರಿ, ಕುಂದ್ರಿ. ಕಂಪ್ಲಿಯವರಾ? ದಿನಾ ಕರೀತಾರ ನಿಮ್ಮನ್ನ,” ಎಂದು ಒಂದು ಕ್ಷಣ ತಡೆದು, “ಆದ್ರ ನಮ್ಮ ಮಾವಾರಿಗೆ ಕಿವಿ ಕೇಳ್ಸಂಗಿಲ್ರಿ. ಒಂದು ಮೊದಲೇ ಹೋಗಿತ್ತು, ಕಲ್ಲು ಪುಡಿ ಮಾಡೋ ಮೆಷಿನ್ ಸದ್ದಿಗೆ. ಇನ್ನೊಂದೂ ಹೋತ್ರಿ. ಕಿವಿ ಮೆಷಿನ್ ಹಾಕಿಸಿದ್ವಿ, ಗುಂಯ್ ಅಂತೈತಿ ಅಂತ ತೆಗದಿಟ್ರು,” ಎಂದಳು.

ಹುಲುಗಪ್ಪ ರೇಡಿಯೋದ ಮುಂದೆ ಕೂತಿದ್ದರು. ಮಾವನನ್ನು ಕಂಡವರೇ ಎದ್ದು, ಬೀದಿಗೆಲ್ಲ ಕೇಳುವಂತೆ, “ಬಂದ್ಯಾ ಮಗನೇ! ಸಿಟ್ಟು ಇಳೀತಾ?” ಎಂದರು.

ಮಾವ ಕೂಗಿದ. ಕೇಳಲಿಲ್ಲ. ಮೊಮ್ಮಗಳ ಸ್ಲೇಟು ಬಂತು. ಮಾವ ಏನೂ ಬರೆಯದೆ ಚೀಲದಿಂದ ಕೇಬಲ್ ತುಂಡು ತೆಗೆದುಕೊಟ್ಟ. ಹುಲುಗಪ್ಪ ಅದನ್ನು ಬೆಳಕಿಗೆ ಹಿಡಿದು, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, ಕುತ್ತಿಗೆಯ ಬಳಿ ನಿಲ್ಲಿಸಿದರು. “ಇದೇನು ದಾರ?”

ಮಾವ ಗಾಳಿಯಲ್ಲಿ ಮಾಲೆ ಕಟ್ಟಿ ತೋರಿಸಿದ. ತಂಬಿಗೆಯಿಂದ ನೀರು ಸುರಿದ ಹಾಗೆ ಮಾಡಿದ. ಹಣೆಯ ಮೇಲೆ ಮೂರು ಬೆರಳು ಎಳೆದ.

ಹುಲುಗಪ್ಪ ಕೆಮ್ಮು ಬರುವ ತನಕ ನಕ್ಕರು. “ಪೂಜಿ ಮಾಡಿ ಕೊಂದ್ಯಲ್ಲೋ!” ಎಂದರು. ಮಾವನೂ ನಕ್ಕ, ಸೊಸೆಯೂ ನಕ್ಕಳು. ನಗು ಇಳಿದ ಮೇಲೆ ಅವರು ಕೇಳಿದರು: “ಅಂದ್ರ, ನಾ ಕರದಿದ್ದು ನಿನಗ ಕೇಳ್ಸೇ ಇಲ್ಲ? ಆ ಬ್ಯಾಸಗಿಂದ?”

ಮಾವ ಇಲ್ಲವೆಂದು ತಲೆಯಾಡಿಸಿದ.

“ಹೋದ ದೀಪಾವಳಿ ತನಕ ಈ ಕಿವಿ ಇತ್ತಲೋ ಬಸಣ್ಣ,” ಎಂದು ಹುಲುಗಪ್ಪ ಎಡಗಿವಿ ಮುಟ್ಟಿಕೊಂಡರು. “ಕಿವಿ ಹೋದ ಮ್ಯಾಲೆ ಒಂಥರಾ ನಿರಾಳ ಆತು. ನೀ ಉತ್ತರ ಕೊಡ್ತಿರಬಹುದು, ನನಗ ಕೇಳ್ಸಂಗಿಲ್ಲ ಅಷ್ಟೇ, ಅಂತ ಅನ್ಕೊಂಡೆ.”

ಬೇಸಿಗೆಯಿಂದ ದೀಪಾವಳಿ. ಅಷ್ಟು ದಿನ ಆ ಕಿವಿ ಅಲ್ಲಿ ಕಾದಿತ್ತು. ನಾನು ಹೇಳಿದ ಅರ್ಧ ತಾಸಿನ ಕೆಲಸ ಇಲ್ಲಿ ಕಾದಿತ್ತು. ಲೆಕ್ಕ ಹಾಕುವವಳಾದ ನಾನು ಇದೊಂದು ಲೆಕ್ಕವನ್ನು ಮಾಡದೆ ಬಿಟ್ಟಿದ್ದೇನೆ. ಎಷ್ಟು ಬೆಳಗುಗಳು, ಎಷ್ಟು ಬದನೆಕಾಯಿ, ಮೊಣಕಾಲು, ಬೈಗುಳ. ಕೂಡಿಸಿದರೆ ಉತ್ತರ ಸಿಗುತ್ತದೆ. ಅದನ್ನು ಯಾರಿಗೆ ತೋರಿಸುವುದು?

ವಾಟ್ಸಾಪ್ ಇದೆಯಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಸ್ಲೇಟು ಓದಿದ ಹುಲುಗಪ್ಪ ಕೈಬೀಸಿ, “ಅದು ಬ್ಯಾಡ. ಕಿವಿ ಹೋದ್ರ ಏನಾತು, ಮುಳ್ಳು ಕಾಣತೈತಿ,” ಎಂದರು. ಯಂತ್ರದ ಮೇಲೆ, ಬರುವ ದನಿ ಎಷ್ಟು ಬಲವಾಗಿದೆ ಎಂದು ತೋರಿಸುವ ಒಂದು ಪುಟ್ಟ ಮುಳ್ಳಿದೆ. ಮಾವನ ಬಳಿ ಪರೀಕ್ಷೆಯ ಕಾಲದ ಹಿತ್ತಾಳೆಯ ಮೋರ್ಸ್ ಕೀಲಿ ಇದೆ; ಅದನ್ನು ಟಕ್ಕೆಂದು ಒತ್ತಿದರೆ ಆ ಕಡೆಯ ಮುಳ್ಳು ಮೇಲೇಳುತ್ತದೆ. ಮೋರ್ಸ್ ಸಂಕೇತಗಳನ್ನು ಇಬ್ಬರೂ ಮರೆತಿದ್ದಾರೆ, ಮತ್ತೆ ಕಲಿಯುವ ವಯಸ್ಸಲ್ಲ ಎನ್ನುತ್ತಾರೆ. “ನನಗ ಆಪತ್ತಿನ ಸಂಕೇತ ಒಂದೇ ನೆನಪೈತಿ, ಅದು ಈಗ ಬ್ಯಾಡ ಬಿಡು,” ಎಂದರು. ಅಲ್ಲೇ ಒಪ್ಪಂದವಾಯಿತು. ಒಂದು ಸಲ ಒತ್ತಿದರೆ ಹೌದು. ಎರಡು ಸಲ, ಅಲ್ಲ.

ಈಗ ದಿನಾ ಆರೂವರೆಗೆ ಹುಲುಗಪ್ಪ ಮಾತಾಡುತ್ತಾರೆ, ಮಾವ ಕೀಲಿ ಒತ್ತುತ್ತಾನೆ. ದೀಪಾವಳಿಯ ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ಕೇಳಿದೆ. “ನಾಷ್ಟಾ ಆತೇನು?” ಒಂದು. “ಅಕ್ಕಾರು ಬಾಚಣಿಗಿ ಮರತಾರೇನು?” ಎರಡು. ಆ ಕಡೆಯಿಂದ ಜೋರು ನಗು. “ನನ್ನ ಮ್ಯಾಲೆ ಸಿಟ್ಟೇನು?” ಮಾವ ಎರಡು ಸಲ ಒತ್ತಿದ, ಮುಳ್ಳು ಕಾಣಲಿಲ್ಲವೋ ಏನೋ ಎಂದು ಮತ್ತೆ ಎರಡು ಸಲ. ಆಮೇಲೆ ಆ ಕಡೆ ಮಾತು ನಿಂತು, ಅವನ ಸರದಿ ಬಂತು. ಅವನು ಕೀಲಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತ. ಊರಿಗೆಲ್ಲ ಮಾತಾಡುವ ನನ್ನ ಮಾವನಿಗೆ ಕೇಳಬೇಕಾದದ್ದು ಬಹಳವಿದೆ. ಹೌದು, ಅಲ್ಲ ಎನ್ನುವ ಮುಳ್ಳಿಗೆ ಪ್ರಶ್ನೆ ಕೇಳಲು ಬರುವುದಿಲ್ಲ.

ಹೊಸ ಜಾಯಿಂಟಿಗೆ ಮುಂದಿನ ಆಯುಧಪೂಜೆಯಲ್ಲಿ ಏನು ಹಾಕಬಹುದು ಎಂದು ಅವನು ಕೇಳಿದ. ಒಣ ಕುಂಕುಮ, ಅದೂ ಚಿಟಿಕೆಯಷ್ಟು, ಎಂದೆ. ಮುಂದಿನ ಸಲದ ಮಾಲೆ ಮಿಕ್ಸಿಗೆ ಎಂದು ಅತ್ತಿ ಆಗಲೇ ಗೊತ್ತುಮಾಡಿಕೊಂಡಿದ್ದಾಳೆ.

ಕಿವಿ ಕೇಳದ ಗೆಳೆಯನೊಡನೆ ಹೀಗೆ ಗಾಳಿಯಲ್ಲಿ ಮಾತಾಡಿ ಗೊತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ನಾಲ್ಕು ಸಾಲು ಬರೆಯಿರಿ. ಹೌದು ನಮ್ಮ ಬಳಿ ಇದೆ, ಅಲ್ಲವೂ ಇದೆ. “ನೀ ಹೆಂಗದಿ?” ಎಂದು ಕೇಳಲು ಆ ಮುಳ್ಳನ್ನು ಹೇಗೆ ಆಡಿಸಬೇಕು ಎಂಬುದಷ್ಟೇ ಮಾವನಿಗೆ ಬೇಕಾಗಿದೆ.